ಮರಿಯ ತಾಯಿಯನ್ನು ತೋರಿಸಿ

ಬಸ್ ನಿಲ್ದಾಣದ ಹಿಂಭಾಗದಲ್ಲಿ, ಟೈರಿಗೆ ಗಾಳಿ ತುಂಬುವ ಶೆಡ್ಡಿಗೂ ಕ್ಯಾಂಟೀನಿಗೂ ನಡುವೆ, ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನುಗಳನ್ನು ಇಡುವ ಕೋಣೆಯೊಂದಿತ್ತು. ಬಾಗಿಲ ಮೇಲೆ 'ಕಳೆದುಹೋದ ವಸ್ತುಗಳು' ಎಂಬ ಬೋರ್ಡು. ಯಾವ ಕಂಡಕ್ಟರನ ಬಾಯಲ್ಲಿ ಮೊದಲು ಹುಟ್ಟಿತೋ ಏನೋ, ಒಳಗೆ ಕೂರುವ ಹೆಂಗಸು ಇಡೀ ನಿಲ್ದಾಣಕ್ಕೆ 'ಕಳೆದುಹೋದಕ್ಕ' ಆಗಿಬಿಟ್ಟಿದ್ದಳು. ಯಾರಾದರೂ ಹೊಸಬರು ಬಂದು ಬಸ್ಸಿನಲ್ಲಿ ಚೀಲ ಬಿಟ್ಟೆ ಎಂದರೆ, "ಹಿಂದೆ ಹೋಗಿ, ಕಳೆದುಹೋದಕ್ಕನ್ನ ಹುಡುಕಿ" ಎಂದು ಕಳಿಸುತ್ತಿದ್ದರು. ಒಬ್ಬ ಮುದುಕರು ಅವಳೆದುರೇ ನಿಂತು, "ಯಾರೋ ಅಕ್ಕ ಕಳೆದುಹೋಗಿದ್ದಾರಂತಲ್ಲ, ಪಾಪ, ಸಿಕ್ಕಿದ್ರಾ?" ಎಂದು ವಿಚಾರಿಸಿಕೊಂಡಿದ್ದೂ ಉಂಟು.

ಅವಳ ಕೆಲಸವೇ ಅನುಮಾನಪಡುವುದು. "ನನ್ನ ಛತ್ರಿ, ಕಪ್ಪು ಬಣ್ಣದ್ದು" ಎಂದವರಿಗೆ, "ಇಲ್ಲಿರೋದೆಲ್ಲ ಕಪ್ಪೇ. ಹಿಡಿ ಹೇಗಿದೆ ಹೇಳಿ" ಎನ್ನುವಳು. ಹಿಡಿ ಹೇಳಿದರೆ, ಕಡ್ಡಿ ಎಲ್ಲಿ ಬಾಗಿದೆ ಎಂದು ಕೇಳುವಳು. ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಯಾವುದನ್ನೂ ಅವಳು ಸುಮ್ಮನೆ ಎತ್ತಿಕೊಟ್ಟವಳಲ್ಲ. ಒಮ್ಮೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಸೆಟ್ ಹಲ್ಲು ಬಂದಿತ್ತು. ಆ ಹಲ್ಲಿನ ಯಜಮಾನರನ್ನು ಮಾತ್ರ ಅವಳು ಹೆಚ್ಚು ಕೇಳಲಿಲ್ಲ. ಅವರು ಹೇಳಿದ್ದು ಒಂದಕ್ಷರವೂ ಅರ್ಥವಾಗದೆ ಇದ್ದದ್ದೇ ಸಾಕ್ಷಿಯಾಯಿತು.

ಸಂಜೆ ಅವಳು ಹೋಗುತ್ತಿದ್ದದ್ದು ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ. ಅಲ್ಲಿ ಅತ್ತೆ ಇದ್ದರು. ಗಂಡ ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸೊಸೆ ತವರಿಗೆ ಹೋಗುತ್ತಾಳೆ, ಅತ್ತೆ ಮಗಳ ಮನೆ ಸೇರುತ್ತಾರೆ ಎಂದು ಬಂಧುಗಳು ಅಂದುಕೊಂಡಿದ್ದರು. ಇಬ್ಬರೂ ಅಲ್ಲಾಡಲಿಲ್ಲ. ಒಬ್ಬರನ್ನೊಬ್ಬರು ಬಿಟ್ಟುಹೋಗಲು ತಕ್ಕ ಕಾರಣ ಹುಡುಕುತ್ತ ಹುಡುಕುತ್ತ ಒಂದೇ ಸೂರಿನಡಿ ಉಳಿದುಬಿಟ್ಟರು. ಜಗಳವಾಡಲು ಸಾಮಾನ್ಯವಾಗಿ ವಿಷಯ ಸಿಗುತ್ತಿತ್ತು. ಸಿಗದ ದಿನ ಇಬ್ಬರೂ ಸೇರಿ ಎದುರು ಮನೆಯವರನ್ನು ಬಯ್ಯುತ್ತಿದ್ದರು.

ಅತ್ತೆ ವಯಸ್ಸಿನಲ್ಲಿದ್ದಾಗ ಮಾರುಕಟ್ಟೆಯಲ್ಲಿ ತರಕಾರಿ ಅಂಗಡಿ ನಡೆಸಿದವರು. ಬುಟ್ಟಿಯ ಮೇಲಿನ ಟೊಮೇಟೊ ನೋಡಿ ಅವರು ಎಂದೂ ವ್ಯಾಪಾರ ಮಾಡಿದವರಲ್ಲ. ಕೈ ಒಳಗೆ ಹಾಕಿ ಅಡಿಯದನ್ನು ಹೊರಗೆ ತೆಗೆದು ನೋಡಿದ ಮೇಲೇ ಮಾತು. ಅಂಥ ಗಟ್ಟಿ ಹೆಂಗಸು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ಮಾತ್ರ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡರು. ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ, "ದಿನಾ ನಡೀಬೇಕು ಅಜ್ಜಿ" ಎಂದರೆ, "ಎಲ್ಲಿಗೆ?" ಎನ್ನುತ್ತಿದ್ದರು. ಅಲ್ಯೂಮಿನಿಯಂ ವಾಕರಿನ ಮೇಲೆ ಟವೆಲ್ ಒಣಗತೊಡಗಿತು.

ನಾಯಿಯ ಯೋಚನೆ ಬಂದದ್ದು ಮೈಕಣ್ಣನಿಂದ. ಬಸ್ಸುಗಳು ಹೊರಡುವುದನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುವವನು ಅವನು. ಅವನ ಹೆಂಡತಿ ಊರಲ್ಲಿಲ್ಲದ ಒಂದು ದಿನ ತನ್ನ ನಾಯಿಯನ್ನು ಕಳೆದುಹೋದಕ್ಕನ ಕೋಣೆಯಲ್ಲಿ ಬಿಟ್ಟಿದ್ದ. ನೀರಿನ ಕೊಡದಷ್ಟು ಗಾತ್ರದ, ಗುಂಗುರು ಕೂದಲಿನ ಬೂದು ಬಣ್ಣದ ಪ್ರಾಣಿ. ಇಡೀ ದಿನ ಛತ್ರಿಗಳ ಪಕ್ಕ ಮಲಗಿತ್ತು. ಯಾರಾದರೂ ಬಂದರೆ ಎದ್ದು ಮೂಸಿ, ಮತ್ತೆ ಮಲಗುತ್ತಿತ್ತು. ಮಧ್ಯಾಹ್ನ ಅದು ಬಾಗಿಲ ಬಳಿ ನಿಂತು ತಿರುಗಿ ನೋಡಿತು. ಬೇರೇನೂ ಮಾಡಲಿಲ್ಲ, ನೋಡಿತು ಅಷ್ಟೆ. ಮಾಡುತ್ತಿದ್ದ ಕೆಲಸ ಬಿಟ್ಟು ಅವಳು ಎದ್ದಳು, ಅದರ ಜೊತೆ ಶೆಡ್ಡಿನ ತನಕ ನಡೆದಳು. ನಡೆಯುತ್ತಿರುವಾಗಲೇ ಅವಳ ಮನಸ್ಸಿಗೆ ಕಿಟಕಿ ಪಕ್ಕದ ಕುರ್ಚಿ ಬಂತು.

"ಇದೇನು ಜಾತಿ?" ಎಂದು ಸಂಜೆ ಕೇಳಿದಳು.

"ಬೆರಕೆ. ತಾಯಿ ಮಾಲ್ಟೀಸ್, ತಂದೆ ಪುಟ್ಟ ಪೂಡಲ್. ಡ್ರೈವಿಂಗ್ ಸ್ಕೂಲ್ ಮೇಡಂ ಒಬ್ಬರಿದ್ದಾರೆ, ಅವರ ಮನೇದು. ಆದ್ರೆ ಅವರ ಹತ್ರ ಹೋಗ್ಬೇಡಿ ಅಕ್ಕ. ಮರಿ ಕೊಡೋ ಮೊದಲು ಪ್ರಾಣ ತಿಂತಾರೆ. ನನ್ನ ಮದುವೆಗೂ ಇಷ್ಟು ವಿಚಾರಣೆ ಆಗಿರಲಿಲ್ಲ."

ಮನೆಯಲ್ಲಿ ವಿಷಯ ಎತ್ತಿದಾಗ ಅತ್ತೆ, "ನಾಯಿಯಾ? ನನ್ನನ್ನ ನೋಡ್ಕೊಳ್ಳೋಕೆ ನೀನು ಸಾಲದು ಅಂತ ನಾಯೀನೂ ಬೇಕಾ?" ಎಂದರು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಳು ಸೊಸೆ. ಒಂದು ವಾರ ಬಿಟ್ಟು, ಊಟದ ನಡುವೆ ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ಎಷ್ಟು ದೊಡ್ಡದಾಗತ್ತಂತೆ ಅದು?" ಎಂದು ಕೇಳಿದರು.

ವಿಚಾರಣೆಯ ಗೋಜು ಬೇಡವೆಂದು ಸೊಸೆ ಮೊದಲು ಫೋನಿನಲ್ಲಿ ಜಾಹೀರಾತು ಹುಡುಕಿದಳು. ಮಾಲ್ಟೀಸ್ ಪೂಡಲ್ ಬೆರಕೆ, ಮುದ್ದಾದ ಮರಿ, ತಕ್ಷಣ ಲಭ್ಯ. ಫೋಟೋದಲ್ಲಿ ಬಿಳಿ ಮರಿಯೊಂದು ಬುಟ್ಟಿಯಲ್ಲಿ ಕೂತಿತ್ತು. ಫೋನ್ ಎತ್ತಿದ ಗಂಡಸು ಬಹಳ ವಿನಯದಿಂದ ಮಾತಾಡಿದ. ಮನೆಗೆ ಬರುವುದು ನಿಮಗೆ ದೂರವಾಗುತ್ತದೆ, ಸೂಪರ್ ಮಾರ್ಕೆಟ್ಟಿನ ಹಿಂದಿನ ಪಾರ್ಕಿಂಗಿಗೆ ನಾನೇ ತರುತ್ತೇನೆ ಎಂದ. ಎಷ್ಟು ಒಳ್ಳೆಯ ಜನ ಎಂದುಕೊಂಡಳು ಅವಳು. ಅಪರಿಚಿತರಿಗೆ ಛತ್ರಿಯನ್ನೂ ಕೊಡದ ಹೆಂಗಸಿಗೆ ಅಂದು ಏನಾಗಿತ್ತೋ. ಆಸೆ ಎಂಥವರ ಕಣ್ಣಿಗೂ ಮಣ್ಣೆರಚುತ್ತದೆ.

ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದರು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ವಾಕರನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆ ಗಂಡಸು ಕಾರಿನ ಡಿಕ್ಕಿ ತೆಗೆದ. ಅದರೊಳಗೆ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳ ಮೇಲೆ ಒಂದು ಮರಿ. ಫೋಟೋದ ಮರಿಗಿಂತ ತೀರ ಚಿಕ್ಕದು. ಎತ್ತಿ ಅವಳ ಕೈಗೆ ಕೊಟ್ಟ. ಅಂಗೈಯಲ್ಲಿ ಅದು ನಡುಗುತ್ತಿತ್ತು. ಹೊಟ್ಟೆ ಮಾತ್ರ ಗಾಳಿ ತುಂಬಿದ ಹಾಗೆ ಉಬ್ಬಿತ್ತು, ಒಂದು ಕಣ್ಣಿನ ಅಂಚು ಗೀಜು ಕಟ್ಟಿ ಅಂಟಿಕೊಂಡಿತ್ತು. ಅವಳ ಹೆಬ್ಬೆರಳನ್ನು ಬಾಯಲ್ಲಿ ಹಿಡಿದು ಚೀಪತೊಡಗಿತು.

ಟ್ಯಾಕ್ಸಿಯ ಕಿಟಕಿಯಿಂದ ಅತ್ತೆಯ ಧ್ವನಿ ಬಂತು. "ಇದರ ತಾಯಿ ಎಲ್ಲಿ?"

"ತಾಯಿ ನಮ್ಮ ತಮ್ಮನ ಮನೇಲಿದೆ ಅಮ್ಮ, ದೂರ."

"ಹಾಗಾದ್ರೆ ಹಾಲು ಯಾರು ಕೊಡ್ತಿದ್ದಾರೆ? ನಿನ್ನ ತಮ್ಮನಾ?"

ಗಂಡಸು ನಕ್ಕ. ಹಾಲು ಬಿಟ್ಟಾಗಿದೆ, ಲಸಿಕೆ ಎಲ್ಲ ಆಗಿದೆ, ಕಾಗದ ಆಮೇಲೆ ಕಳಿಸುತ್ತೇನೆ ಎಂದ. ತಮ್ಮನ ಮನೆಗೇ ಹೋಗೋಣ, ಟ್ಯಾಕ್ಸಿ ಇದೆ, ದಾರಿ ಹೇಳು ಎಂದರು ಅತ್ತೆ. ಅವನು ಗಡಿಯಾರ ನೋಡಿಕೊಂಡ. ಇನ್ನೊಬ್ಬರು ಕೇಳುತ್ತಿದ್ದಾರೆ ಎಂದ. ಕೇಳದೆಯೇ ಬೆಲೆ ಇಳಿಸಿದ.

"ಕೊಟ್ಟುಬಿಡು ಅದನ್ನ. ಬಾ" ಎಂದರು ಅತ್ತೆ.

"ಅತ್ತೆ, ಇದು ಹೀಗಿದೆಯಲ್ಲ. ನಾವು ಬಿಟ್ಟು ಹೋದ್ರೆ—"

"ನಾವು ತಗೊಂಡ್ರೆ ನಾಳೆ ಇದೇ ಪೆಟ್ಟಿಗೇಲಿ ಇನ್ನೊಂದು ತರ್ತಾನೆ. ಬಾ ಅಂದೆ."

ಬೆರಳನ್ನು ಅದರ ಬಾಯಿಂದ ಬಿಡಿಸಿಕೊಳ್ಳಬೇಕಾಯಿತು. ಅತ್ತೆ ಹೇಳಿದ್ದು ಸರಿ ಎಂಬುದು ಅವಳಿಗೆ ಗೊತ್ತಿತ್ತು, ಗೊತ್ತಿದ್ದುದಕ್ಕೇ ಅತ್ತೆಯ ಮೇಲೆ ಇನ್ನಷ್ಟು ಸಿಟ್ಟು ಬಂತು. ಮರುದಿನ ಕ್ಯಾಂಟೀನಿನ ಹಿಂದೆ ನಿಂತು ಪ್ರಾಣಿಗಳ ಇಲಾಖೆಗೆ ಫೋನ್ ಮಾಡಿ ಕಾರಿನ ಬಣ್ಣ, ಗಂಡಸಿನ ಚಹರೆ, ಫೋನ್ ನಂಬರು ಎಲ್ಲ ಹೇಳಿದಳು. ಬರೆದುಕೊಂಡರು. ಆ ನಂಬರು ಆಗಲೇ ಸತ್ತಿತ್ತು. ಮುಂದೇನಾಯಿತೆಂದು ಅವಳಿಗೆ ಯಾರೂ ತಿಳಿಸಲಿಲ್ಲ.

ಎರಡನೆಯದು ನಾಯಿಮರಿ ಮಾರುವ ದೊಡ್ಡ ಅಂಗಡಿ. ನುಣುಪು ಟೈಲ್ಸು, ಗೋಡೆಯ ತುಂಬ ಚೌಕಟ್ಟು ಹಾಕಿದ ಸರ್ಟಿಫಿಕೇಟುಗಳು, ಆಸ್ಪತ್ರೆಯ ಔಷಧಿಯ ವಾಸನೆ. ಯಾವ ಬೆರಕೆ ಬೇಕು, ಯಾವ ಬಣ್ಣ ಬೇಕು, ಟೀ ಕಪ್ಪಿನಲ್ಲಿ ಹಿಡಿಸುವಂಥದು ಬೇಕೆ ಎಂದು ಅಂಗಡಿಯ ಯುವತಿ ಕೇಳಿದಳು. ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ಬಿಚ್ಚಿ ಹಾಕಿದ ಹಾಗೆ ಮರಿಗಳನ್ನು ತಂದು ತಂದು ಮೇಜಿನ ಮೇಲೆ ಬಿಟ್ಟಳು. ಅತ್ತೆ ಒಂದನ್ನೂ ಮುಟ್ಟಲಿಲ್ಲ. ಅದೇ ಪ್ರಶ್ನೆ ಕೇಳಿದರು. ಇಲ್ಲಿ ಕನಿಷ್ಠ ತಾಯಿ ಇತ್ತು. ಬಹಳ ಹೇಳಿದ ಮೇಲೆ ಹಿಂದಿನ ಕೋಣೆಯ ಗಾಜಿನ ಮೂಲಕ ತೋರಿಸಿದರು. ಸಾಲು ಗೂಡುಗಳ ಪೈಕಿ ಒಂದರಲ್ಲಿ ಬಿಳಿ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಮೊಲೆಗಳು ಜೋತುಬಿದ್ದಿದ್ದವು, ಬೆನ್ನಿನ ಕೂದಲು ಉದುರಿತ್ತು. ಗಾಜು ತಟ್ಟಿದರೂ ತಲೆ ಎತ್ತಲಿಲ್ಲ.

"ಇವಳಿಗೆ ಇದು ಎಷ್ಟನೇ ಬಾಣಂತನ?" ಎಂದರು ಅತ್ತೆ.

ಯುವತಿಗೆ ಗೊತ್ತಿರಲಿಲ್ಲ. ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದು ಒಳಗೆ ಹೋದವಳು ಬರುವಷ್ಟರಲ್ಲಿ ಅತ್ತೆ ವಾಕರ್ ಠಕಠಕ ಊರುತ್ತ ಬಾಗಿಲು ದಾಟಿದ್ದರು. ಆಪರೇಷನ್ ಆದ ಮೇಲೆ ಅವರು ಅಷ್ಟು ವೇಗವಾಗಿ ನಡೆದದ್ದು ಅದೇ ಮೊದಲು ಎಂಬುದು ಸೊಸೆಗೆ ಮನೆ ಮುಟ್ಟಿದ ಮೇಲೆ ಹೊಳೆಯಿತು.

ಹೀಗೆ ಕೊನೆಗೆ ಡ್ರೈವಿಂಗ್ ಮೇಡಂ ಬಳಿ ಹೋದರು. ಎತ್ತರದ ಹೆಂಗಸು, ಕತ್ತರಿಸಿದ ನರೆಗೂದಲು, ಬೇರೆಯವರ ಸ್ಟೀರಿಂಗನ್ನು ಪಕ್ಕದಿಂದ ಹಿಡಿದು ಹಿಡಿದು ಗಟ್ಟಿಯಾದ ಕೈ. ಮನೆಯ ಮುಂದೆ, ಕಲಿಸುವವರ ಕಾಲಿಗೂ ಒಂದು ಬ್ರೇಕ್ ಇರುವ, ಎರಡು ಬ್ರೇಕಿನ ಕಾರು ನಿಂತಿತ್ತು. ಫೋನಿನಲ್ಲೇ ಹೇಳಿದ್ದರು, "ಮರಿ ಸದ್ಯಕ್ಕೆ ಇಲ್ಲ. ಆದ್ರೂ ಬನ್ನಿ. ಮರಿ ಇಲ್ದಿರೋವಾಗ ಬರೋರನ್ನ ಕಂಡ್ರೇ ನಂಗೆ ನಂಬಿಕೆ."

ಅಡುಗೆಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಗುಡುಗುತ್ತಿತ್ತು. ಅದರ ಪಕ್ಕದ ಹಾಸಿಗೆಯಲ್ಲಿ ಮೈತುಂಬ ಬಿಳಿ ಕೂದಲಿನ ಹೆಣ್ಣು ನಾಯಿ. ಅತ್ತೆ ಕೇಳುವ ಮೊದಲೇ ಮೇಡಂ, "ಇವಳೇ ತಾಯಿ ಆಗೋಳು" ಎಂದರು. "ಒಂದ್ಸಲ ಹಡೆದಿದ್ದಾಳೆ. ಇನ್ನೊಂದ್ಸಲ ಆದ್ಮೇಲೆ ಸಾಕು, ಆಮೇಲೆ ಆಪರೇಷನ್ ಮಾಡ್ಸಿ ಮನೇಲೇ ಇಟ್ಕೋತೀನಿ." ನಾಯಿ ಎದ್ದು ಬಂದು ವಾಕರಿನ ನಾಲ್ಕೂ ಕಾಲು ಮೂಸಿ, ಅತ್ತೆಯ ಪಾದದ ಮೇಲೆ ಗದ್ದ ಇಟ್ಟಿತು. ಅತ್ತೆ ಬೇರೆಡೆ ನೋಡುತ್ತ ಕೂತರು, ಪಾದ ಮಾತ್ರ ಕದಲಿಸಲಿಲ್ಲ.

ಮೇಡಂ ನಾಯಿಯ ಮೊಣಕಾಲಿನ ಎಕ್ಸ್-ರೇ ತೋರಿಸಿದರು, ಕಣ್ಣಿನ ಡಾಕ್ಟರ ವರದಿ ತೋರಿಸಿದರು. ತಂದೆ ನಾಯಿ ಗೆಳತಿಯೊಬ್ಬಳ ಮನೆಯಲ್ಲಿದೆ, ಅದರ ಪರೀಕ್ಷೆಯೂ ಆಗಿದೆ, ಬೇಕಾದರೆ ಹೋಗಿ ನೋಡಿ ಬನ್ನಿ ಎಂದರು.

"ಬೆರಕೆ ನಾಯಿಗೆ ಕಾಯಿಲೆ ಬರಲ್ಲ ಅಂತ ಹೇಳ್ತಾರಲ್ಲ" ಎಂದಳು ಸೊಸೆ.

"ಮಾರೋರು ಹೇಳ್ತಾರೆ. ಈ ಚಿಕ್ಕ ಜಾತಿ ಎರಡಕ್ಕೂ ಮೊಣಕಾಲು ಚಿಪ್ಪು ಜಾರೋದು ಇದೆ. ಎರಡೂ ಕಡೆ ನೋಡ್ದೆ ಇದ್ರೆ ಎರಡೂ ಕಡೇದು ಸೇರಿ ಬರತ್ತೆ. ಈಗ ನನ್ನ ಸರದಿ. ನಿಮ್ಮನ್ನ ಕೇಳ್ಲಾ?"

ಕೇಳಿದರು. ಹಗಲು ಮನೆಯಲ್ಲಿ ಯಾರಿರುತ್ತಾರೆ, ಲಿಫ್ಟ್ ಕೆಟ್ಟರೆ ಏನು ಮಾಡುತ್ತೀರಿ, ಬಾಲ್ಕನಿಯ ಕಂಬಿಗಳ ನಡುವೆ ಎಷ್ಟು ಅಂತರ, ಮನೆಯ ಮಾಲೀಕರ ಒಪ್ಪಿಗೆ ಇದೆಯೆ, ಗುಂಗುರು ಕೂದಲು ದಿನಾ ಬಾಚುವವರು ಯಾರು. ಕಳೆದುಹೋದಕ್ಕ ಉತ್ತರಿಸುತ್ತ ಹೋದಳು. ತನ್ನ ಕೌಂಟರಿನ ಆಚೆ ನಿಂತವರ ಪಾಡು ಏನೆಂದು ಅವಳಿಗೆ ಮೊದಲ ಸಲ ಅರಿವಾಯಿತು. ಸಿಟ್ಟು ಬರಲಿಲ್ಲ. ಕೊಡಲು ಮನಸ್ಸಿಲ್ಲದವರು ಹೀಗೆ ಕೇಳುವುದಿಲ್ಲ, ಕೊಟ್ಟ ಮೇಲೂ ಅದು ತಮ್ಮದೇ ಎಂದುಕೊಳ್ಳುವವರು ಕೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಕೊನೆಗೆ ಮೇಡಂ ಅತ್ತೆಯ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸದೆ ಕೇಳಿದರು. "ಇವು ಹದಿನೈದು ವರ್ಷ ಬದುಕ್ತವೆ. ನಿಮ್ಮತ್ತೆ ಆದ್ಮೇಲೆ ನಾಯಿ ಯಾರದು?"

ಯಂತ್ರ ಸುತ್ತುವುದನ್ನು ನಿಲ್ಲಿಸಿತು. ಅತ್ತೆಗೊಂದು ನಾಯಿ ಎಂದು ಸೊಸೆ ಯೋಚಿಸಿದ್ದಳೇ ಹೊರತು, ಅತ್ತೆ ಇಲ್ಲದ ಆ ಎರಡು ಕೋಣೆಗಳನ್ನು ಒಮ್ಮೆಯೂ ಊಹಿಸಿಕೊಂಡಿರಲಿಲ್ಲ. "ನಂದು" ಎಂದಳು. ಮತ್ತೊಮ್ಮೆ ಹೇಳಿದಳು. "ನನ್ನದೇ."

"ಸರಿ. ಹಾಗಾದ್ರೆ ನಾನೂ ನೇರ ಹೇಳ್ತೀನಿ. ಈಗ ಕೊಡಲ್ಲ."

ಅತ್ತೆ ತಟ್ಟನೆ ತಿರುಗಿದರು.

"ಮರಿ ಅಂದ್ರೆ ಕಾಲಿಗೆ ಸಿಕ್ಕೋ ಪ್ರಾಣಿ ಅಮ್ಮ. ನೀವು ಇನ್ನೂ ವಾಕರ್ ಹಿಡಿದಿದ್ದೀರಿ. ಮೊದಲನೇ ದಿನಾನೇ ಅದನ್ನ ತುಳಿದು ನೀವು ಬೀಳ್ತೀರಿ, ಇಲ್ಲ ನಿಮ್ಮನ್ನ ಬೀಳ್ಸಿ ಅದು ಸಾಯತ್ತೆ. ಇವಳು ಹಡೆಯೋದಕ್ಕೆ ಇನ್ನೂ ಟೈಮಿದೆ. ಅಷ್ಟರಲ್ಲಿ ಕೋಲು ಹಿಡಿದು ನಡೆಯೋ ಹಾಗಾದ್ರೆ ನಿಮಗೊಂದು ಮರಿ ಇಟ್ಟಿರ್ತೀನಿ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ."

ಬೇಜಾರು ಎಂಬುದು ಬಹಳ ಸಣ್ಣ ಮಾತು. ಅತ್ತೆ ಟ್ಯಾಕ್ಸಿಯಲ್ಲಿ ಶುರು ಮಾಡಿದವರು ಲಿಫ್ಟಿನಲ್ಲಿ ಮುಂದುವರಿಸಿ, ಬಾಗಿಲು ತೆಗೆಯುವಾಗಲೂ ನಿಲ್ಲಿಸಿರಲಿಲ್ಲ. "ಯಾರು ಅವಳು? ಕಾರು ಕಲಿಸೋಳು ನನಗೆ ನಡಿಗೆ ಕಲಿಸ್ತಾಳಾ? ಇಷ್ಟು ಚಿಲ್ಲರೆ ನಾಯಿಗೆ ಇಷ್ಟು ಪುರಾಣವಾ? ಮೂವತ್ತು ವರ್ಷ ಮೂಟೆ ಹೊತ್ತ ಸೊಂಟ ಇದು." ಸೊಸೆ ಹೂಂ ಹೂಂ ಎನ್ನುತ್ತ ಚಪ್ಪಲಿ ಬಿಟ್ಟಳು. ಬೆಳಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ವಾಕರಿನ ಮೇಲಿನ ಟವೆಲ್ ಕುರ್ಚಿಯ ಮೇಲಿತ್ತು. ಅತ್ತೆ ಹೊರಗಿನ ಕಾರಿಡಾರಿನಲ್ಲಿದ್ದರು.

"ಎಲ್ಲಿಗೆ ಅತ್ತೆ?"

"ಎಲ್ಲಿಗೂ ಇಲ್ಲ. ನಡೀತಿದ್ದೀನಿ. ಕಾಣಲ್ವಾ?"

ಮೂರನೇ ಮಹಡಿಯ ಕಾರಿಡಾರು ಉದ್ದಕ್ಕಿತ್ತು. ಒಂದು ಕೊನೆಯಲ್ಲಿ ನೀರಿನ ಮೀಟರುಗಳು, ಇನ್ನೊಂದು ಕೊನೆಯಲ್ಲಿ ಲಿಫ್ಟು. ಅತ್ತೆ ಮೀಟರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಮೀಟರಿಗೆ ಡ್ರೈವಿಂಗ್ ಮೇಡಮ್ಮನನ್ನು ಬಯ್ಯುತ್ತ ನಡೆದರು. ಎದುರು ಮನೆಯವರು ಬಾಗಿಲು ತೆರೆದು ನೋಡಿ, ಮೆಲ್ಲಗೆ ಮುಚ್ಚಿಕೊಂಡರು. ವ್ಯಾಯಾಮದ ಹುಡುಗಿ ಬಂದಾಗ ಅತ್ತೆ, "ಇವತ್ತೇನು ಕಲಿಸ್ತೀಯೋ ಬೇಗ ಕಲಿಸು" ಎಂದರಂತೆ. ಆ ಹುಡುಗಿ ಸೊಸೆಗೆ ಫೋನ್ ಮಾಡಿ, ಅಜ್ಜಿಗೆ ಹುಷಾರಿದೆಯಾ ಎಂದು ವಿಚಾರಿಸಿದಳು.

ಎಲ್ಲ ಸುಸೂತ್ರವಾಗಿ ಆಯಿತು ಎಂದಲ್ಲ. ಒಂದು ದಿನ ಹಟಕ್ಕೆ ಬಿದ್ದು ಹೆಚ್ಚು ನಡೆದು ಕಾಲು ಊದಿಕೊಂಡಿತು. ವಾರವಿಡೀ ಮತ್ತೆ ಕುರ್ಚಿ ಹಿಡಿದರು, ನಾಯಿಯ ಮಾತೆತ್ತಿದರೆ ಗೋಡೆ ಕಡೆ ಮುಖ ತಿರುಗಿಸಿದರು. ಇನ್ನು ಮುಗಿಯಿತು ಎಂದುಕೊಂಡಳು ಸೊಸೆ. ಊತ ಇಳಿದ ಮೇಲೆ ಒಂದು ಸಂಜೆ ಅತ್ತೆ, "ತೋಳು ಹಿಡಿ" ಎಂದರು. ಅತ್ತೆ ವಾಕರ್ ಬಿಟ್ಟು ಕೋಲು ಹಿಡಿದು, ಇಬ್ಬರೂ ಕಾರಿಡಾರಿಗೆ ಬಂದರು. ಮೀಟರುಗಳ ಹತ್ತಿರ ಉಸಿರು ತೆಗೆದುಕೊಳ್ಳಲು ನಿಂತಾಗ ಅತ್ತೆ, ಯಾವುದೋ ಮಾತಿನ ಮುಂದುವರಿಕೆಯೆಂಬಂತೆ ಹೇಳಿದರು.

"ಆ ಪೆಟ್ಟಿಗೇಲಿದ್ದ ಮರಿ. ಅದು ಬದುಕಿರಲ್ಲ."

ಅತ್ತೆ ಅದನ್ನು ಮರೆತಿದ್ದಾರೆ ಎಂದುಕೊಂಡು, ಸೊಸೆ ಅಷ್ಟು ದಿನ ಒಳಗೊಳಗೇ ಅವರ ಮೇಲೆ ಮುನಿಸು ಇಟ್ಟುಕೊಂಡಿದ್ದಳು.

"ನಿನ್ನ ಬೆರಳು ಚೀಪ್ತಿತ್ತಲ್ಲ. ನಾನೇನು ಕುರುಡೀನಾ, ಕಿಟಕೀಲಿ ಕಾಣ್ತಿತ್ತು. ಬಾ ಅಂದಿದ್ದು ಸರೀನೇ. ಆದ್ರೂ ಕಣ್ಣು ಮುಚ್ಚಿದ್ರೆ ಅದೇ ಬರತ್ತೆ."

"ನಂಗೂ" ಎಂದಳು ಸೊಸೆ.

"ಗೊತ್ತು. ನನ್ನ ಮೇಲೆ ಸಿಟ್ಟು ಬಂದ್ರೆ ಪಾತ್ರೆ ಜೋರಾಗಿ ತೊಳೀತೀಯ ನೀನು. ಎರಡು ಲೋಟ ನೆಗ್ಗಿದೆ."

ಲಿಫ್ಟಿನ ತನಕ ಮತ್ತೆ ನಡೆದರು. ಆ ದಿನದಿಂದ ಸೊಸೆ ಪಾತ್ರೆ ಮೆಲ್ಲಗೆ ತೊಳೆದಳು.

ಮೇಡಂ ನಡುನಡುವೆ ಫೋನ್ ಮಾಡುತ್ತಿದ್ದರು. ಒಮ್ಮೆ ಮುನ್ಸೂಚನೆ ಇಲ್ಲದೆ ಮನೆಗೇ ಬಂದರು. ಬಾಲ್ಕನಿಯ ಕಂಬಿಗಳ ನಡುವೆ ತಮ್ಮ ಮುಷ್ಟಿ ತೂರಿಸಿ ನೋಡಿ, ಬಲೆ ಕಟ್ಟಿಸಬೇಕು ಎಂದರು. ಅತ್ತೆ ಅವರಿಗೆ ಚಹಾ ಮಾಡಿ, ಕೋಲು ಒಂದು ಕೈಯಲ್ಲಿ, ಕಪ್ಪು ಇನ್ನೊಂದು ಕೈಯಲ್ಲಿ ಹಿಡಿದು, ಅಡುಗೆಮನೆಯಿಂದ ಒಂದು ತೊಟ್ಟೂ ಚೆಲ್ಲದೆ ತಂದು ಮುಂದಿಟ್ಟರು. ಮೇಡಂ ಚಹಾ ಕುಡಿದರು, ಚೆನ್ನಾಗಿದೆ ಎಂದರು. ನಡಿಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಹೋದ ಮೇಲೆ ಅತ್ತೆ, "ಸೊಕ್ಕು ನೋಡು" ಎಂದರು. ಆದರೆ ಅಂದು ಊಟ ಎರಡನೇ ಸಲ ಹಾಕಿಸಿಕೊಂಡರು.

ಬಿಳಿ ನಾಯಿ ಹಡೆಯಿತು. ಮರಿಗಳು ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಮೇಡಂ ಕರೆಸಿದರು. ನಾಲ್ಕು ಮರಿಗಳು ಆ ಅಡುಗೆಮನೆಯ ನೆಲದಲ್ಲಿ ಉರುಳಾಡುತ್ತಿದ್ದವು. ಯಂತ್ರ ಗುಡುಗಿದರೂ, ತಟ್ಟೆ ಬಿದ್ದರೂ ಒಂದೂ ಬೆಚ್ಚುತ್ತಿರಲಿಲ್ಲ. ಒಂದು ಕಂದು ಮರಿ ಓಡಿಬಂದು ಸೊಸೆಯ ಸೆರಗು ಹಿಡಿದು ಎಳೆಯಿತು. ಅವಳು ಅಲ್ಲೇ ಕರಗಿಹೋದಳು.

"ಅದಲ್ಲ" ಎಂದರು ಮೇಡಂ. "ಅದು ಪುಂಡ. ಮಕ್ಕಳಿರೋ ಮನೆಗೆ ಹೋಗತ್ತೆ. ನಿಮ್ಮದು ಅಲ್ಲಿದೆ ನೋಡಿ."

ಮೂಲೆಯಲ್ಲಿ ಹಾಲು-ಬೂದು ಬಣ್ಣದ ಹೆಣ್ಣುಮರಿಯೊಂದು ಕೂತು ಎಲ್ಲರನ್ನೂ ನೋಡುತ್ತಿತ್ತು. ಮೇಡಂ ಅದನ್ನು ಕರೆದರು. ಅದು ಎದ್ದು, ಉಳಿದವುಗಳನ್ನು ಸುತ್ತುಹಾಕಿ, ತನ್ನದೇ ಗತಿಯಲ್ಲಿ ನಡೆದು ಬಂತು.

"ಇದ್ಯಾಕೋ ಮಂಕಾಗಿದೆ" ಎಂದು ಸೊಸೆ ಅನುಮಾನಿಸಿದಳು.

"ಮಂಕಲ್ಲ. ನೋಡಿ ಹೆಜ್ಜೆ ಇಡತ್ತೆ" ಎಂದರು ಅತ್ತೆ. ಡ್ರೈವಿಂಗ್ ಮೇಡಮ್ಮನ ಮಾತಿಗೆ ಅವರು ಹೂಂಗುಟ್ಟಿದ್ದು ಅದೇ ಮೊದಲು. ಇಬ್ಬರಿಗೂ ಸ್ವಲ್ಪ ಮುಜುಗರವಾಯಿತು.

ಆದರೂ ಅಂದೇ ಕೊಡಲಿಲ್ಲ. ತಾಯಿಯ ಜೊತೆ, ಒಡಹುಟ್ಟಿದವರ ಜೊತೆ ಕಚ್ಚಾಡಿ ಕಲಿಯುವುದು ಇನ್ನೂ ಇದೆ ಎಂದರು. ಕೊನೆಗೆ ಒಂದು ಭಾನುವಾರ ತಾವೇ ಎರಡು ಬ್ರೇಕಿನ ಕಾರಿನಲ್ಲಿ ತಂದು ಕೊಟ್ಟರು. ಜೊತೆಗೆ ತಾಯಿಯ ವಾಸನೆ ಇರುವ ಹಳೇ ಟವೆಲ್ಲು, ತಿನ್ನುವುದರ ಪೊಟ್ಟಣ, ಲಸಿಕೆಯ ಕಾರ್ಡು. ಹೊರಡುವಾಗ ಬಾಗಿಲಲ್ಲಿ ನಿಂತು, "ಯಾವತ್ತಾದ್ರೂ ಸಾಕೋಕಾಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡಬೇಡಿ. ಎಷ್ಟು ವರ್ಷ ಆಗಿದ್ರೂ ನನಗೇ ವಾಪಸ್ ತನ್ನಿ" ಎಂದರು. ಯಾವಾಗಲೂ ಜೋರಾಗಿ ಮಾತಾಡುವ ಹೆಂಗಸು ಅದನ್ನು ಮಾತ್ರ ಮೆಲ್ಲಗೆ ಹೇಳಿ, ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋದರು.

ಚಿಲ್ಲರೆ ನಾಯಿ ಎಂದು ಅತ್ತೆ ಬಯ್ದದ್ದೇ ಹೆಸರಾಗಿ ನಿಂತಿತು. ಚಿಲ್ಲರೆ ಮೊದಲ ವಾರ ಕಂಡಕಂಡಲ್ಲಿ ಉಚ್ಚೆ ಹೊಯ್ದಿತು, ಸೊಸೆಯ ಕನ್ನಡಕದ ಒಂದು ಕಡ್ಡಿ ಅಗಿಯಿತು. ಅತ್ತೆ ಕರೆದರೆ ಬರುತ್ತಿರಲಿಲ್ಲ. ಸಂಜೆ ಸೊಸೆಯ ಹೆಜ್ಜೆ ಲಿಫ್ಟಿನ ಹತ್ತಿರ ಕೇಳಿಸಿದರೆ ಸಾಕು, ಬಾಗಿಲಿಗೆ ಮೂತಿ ಒತ್ತಿ ಅಳುತ್ತಿತ್ತು. "ಅನ್ನ ಹಾಕೋಳು ನಾನು, ಕುಣಿಯೋದು ಅವಳಿಗೆ. ನನ್ನ ಮಗನೂ ಹೀಗೇ ಮಾಡಿದ್ದ" ಎಂದು ಅತ್ತೆ ಮೇಡಂಗೆ ಫೋನಿನಲ್ಲಿ ದೂರು ಹೇಳಿದರು. ಮೇಡಂ ಏನು ಉತ್ತರ ಕೊಟ್ಟರೋ, ಅತ್ತೆ ಫೋನ್ ಹಿಡಿದುಕೊಂಡೇ ಬಹಳ ಹೊತ್ತು ನಕ್ಕರು.

ಮಳೆಗಾಲ ಕಳೆದ ಮೇಲಿನ ಮಾತು. ಒಂದು ಸಂಜೆ ಕಳೆದುಹೋದಕ್ಕ ಮನೆಗೆ ಬಂದು ತನ್ನ ಬೀಗದ ಕೈಯಿಂದ ಬಾಗಿಲು ತೆಗೆದಳು. ಒಳಗೆ ಯಾರೂ ಇರಲಿಲ್ಲ. ಕುರ್ಚಿ ಖಾಲಿ, ಬಾಲ್ಕನಿ ಖಾಲಿ, ಮೂಲೆಯಲ್ಲಿ ಕೋಲೂ ಇರಲಿಲ್ಲ. ಎದುರು ಮನೆಯ ಬಾಗಿಲು ತಟ್ಟಿದಳು. "ಆಗಲೇ ಹೋದ್ರು, ಪಾರ್ಕ್ ಕಡೆ. ಇಬ್ರೂ ಜಗಳ ಆಡ್ಕೊಂಡು ಹೋದ್ರು" ಎಂದರು ಎದುರು ಮನೆಯವರು.

ಅವಳು ಒಳಗೆ ಬಂದು ಕೂತಳು. ಹುಡುಕಿಕೊಂಡು ಹೋಗೋಣ ಎನ್ನಿಸಿತು, ಹೋಗಲಿಲ್ಲ. ಮೂರನೇ ಮಹಡಿಯ ಆ ಮನೆಯಲ್ಲಿ ಅವಳು ಒಬ್ಬಳೇ ಇದ್ದು ಎಷ್ಟು ಕಾಲವಾಗಿತ್ತೋ ನೆನಪಾಗಲಿಲ್ಲ. ಎದ್ದು ತನಗೊಂದು ಲೋಟ ಚಹಾ ಮಾಡಿಕೊಂಡಳು. ಯಾರೂ ಕರೆಯಲಿಲ್ಲ, ಯಾರೂ ಏನೂ ಬೇಡಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು, ಚಹಾ ಆರುವ ಮೊದಲೇ ಪೂರ್ತಿ ಕುಡಿದಳು. ಕೆಳಗೆ ಗೇಟಿನ ಹತ್ತಿರ ಅತ್ತೆಯ ದನಿ ಕೇಳಿಸಿತು. "ನಡಿಯೇ, ನಿಂತ್ಕೊಂಡು ಎಲ್ಲಾ ಮೂಸ್ಬೇಡ, ಅವಳು ಬಂದಿರ್ತಾಳೆ."